ನಮ್ಮೂರ ಕೆರೆಯ ಬಂಗುಡೆ

ನಾನು ಜೀವವೈವಿಧ್ಯ ರಕ್ಷಕ ಅಂತ ನನಗೆ ಗೊತ್ತಾಗಿದ್ದು ಮೊನ್ನೆ ಮಂಗಳವಾರ. ಮನೆ ಖಾತೆ ಕೆಲಸಕ್ಕೆ ಪಂಚಾಯ್ತಿಗೆ ಹೋಗಿದ್ದೆ. ಪಿಡಿಒ ನೋಡಿದವರೇ, "ಬನ್ನಿ ಸರ್, ನೀವು ಬಿಎಂಸಿ ಮೆಂಬರ್ ಅಲ್ವಾ, ಇಲ್ಲೊಂದು ಸಹಿ ಹಾಕಿ" ಅಂದರು. ಬಿಎಂಸಿ ಅಂದರೆ ಬೆಂಗಳೂರಿನ ಮೆಡಿಕಲ್ ಕಾಲೇಜು ಅಂದುಕೊಂಡಿದ್ದವನು ನಾನು. ಅಲ್ಲವಂತೆ, ಜೀವವೈವಿಧ್ಯ ನಿರ್ವಹಣಾ ಸಮಿತಿಯಂತೆ. ನಡಾವಳಿ ಪುಸ್ತಕದ ಪ್ರಕಾರ ನಾನು ನಾಲ್ಕು ವರ್ಷದಲ್ಲಿ ಒಂಬತ್ತು ಸಭೆಗೆ ಹೋಗಿದ್ದೇನೆ. ಎರಡು ಸಲ ವಂದನಾರ್ಪಣೆಯನ್ನೂ ಮಾಡಿದ್ದೇನೆ. ಚೆನ್ನಾಗೇ ಮಾತಾಡಿರಬೇಕು.

ಊರಿನ ಗಿಡ, ಮರ, ಪ್ರಾಣಿ, ಪಕ್ಷಿಗಳನ್ನು ಊರಿನವರೇ ಕಾಪಾಡಲಿ ಅಂತ 2002ರಲ್ಲೇ ಕಾನೂನು ಬಂತು. ಪ್ರತಿ ಪಂಚಾಯ್ತಿಗೂ ಒಂದು ಸಮಿತಿ, ಊರಿನವರನ್ನು ಕೇಳಿ ಬರೆದ ಒಂದು ಜನತಾ ಜೀವವೈವಿಧ್ಯ ದಾಖಲಾತಿ. ಆಮೇಲೆ ಎಲ್ಲರೂ ಹಾಯಾಗಿ ಮಲಗಿದರು. 2019ರಲ್ಲಿ ಹಸಿರು ನ್ಯಾಯಮಂಡಳಿ ಬಂದು ಬಾಗಿಲು ಬಡಿಯಿತು. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲಾಂದ್ರೆ ಒಂದೊಂದು ರಾಜ್ಯವೂ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಿ ಅಂದಿತು. ಹದಿನೇಳು ವರ್ಷದಲ್ಲಿ ಆಗದ ಕೆಲಸ ತಿಂಗಳುಗಳಲ್ಲಿ ಆಗಿಹೋಯಿತು. ದೇಶದಲ್ಲಿ ಸಮಿತಿಗಳ ಸಂಖ್ಯೆ ಎರಡು ಲಕ್ಷ ದಾಟಿತು. ಮಳೆ ಬಿದ್ದ ಮಾರನೇ ದಿನದ ಅಣಬೆಯೂ ಇಷ್ಟು ಬೇಗ ಏಳುವುದಿಲ್ಲ.

ನಮ್ಮೂರ ದಾಖಲಾತಿ ಬೀರುವಿನಲ್ಲಿತ್ತು. ಗಟ್ಟಿ ರಟ್ಟು, ಬಣ್ಣದ ಹಾಳೆ, ಮುಖಪುಟದಲ್ಲಿ ನವಿಲು. ಬಯಲುಸೀಮೆಯ ಊರು ನಮ್ಮದು, ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ದಾಖಲಾತಿಯ 41ನೇ ಪುಟದಲ್ಲಿ ನಮ್ಮ ಕೆರೆಯ ಮೀನುಗಳು: ಬಂಗುಡೆ, ಬೂತಾಯಿ, ಕಾಣೆ. ಕೆಳಗೆ ಷರಾ, 'ಹೇರಳವಾಗಿದೆ'. ಬರೆದುಕೊಟ್ಟ ಏಜೆನ್ಸಿಯವರು ಕರಾವಳಿಯ ಪುಸ್ತಕದಲ್ಲಿ ಊರಿನ ಹೆಸರು ಬದಲಾಯಿಸಿದ್ದಾರೆ, ಮೀನು ಬದಲಾಯಿಸುವುದು ಮರೆತಿದ್ದಾರೆ.

ಸಮಿತಿಯ ಇನ್ನೊಬ್ಬ ಸದಸ್ಯೆ ಕುರಿ ಕಾಯುವ ಅಜ್ಜಿ. ಅವರಿಗೂ ವಿಷಯ ಗೊತ್ತಿಲ್ಲ. ಏರಿ ಮೇಲೆ ಸಿಕ್ಕಿದಾಗ ಹೇಳಿದೆ. "ಯಾವ ಮೀನಪ್ಪಾ ಅದು? ಕೆರೇಲಿ ನೀರಿದ್ರೆ ತಾನೆ" ಅಂದರು. ಮಾತಾಡುತ್ತಲೇ ಬಗ್ಗಿ ಸೊಪ್ಪು ಕುಯ್ದು ಮಡಿಲಿಗೆ ತುಂಬಿಕೊಳ್ಳುತ್ತಿದ್ದರು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕನ್ನೆ ಸೊಪ್ಪು. ಹತ್ತು ಮಾರು ನಡೆಯುವಷ್ಟರಲ್ಲಿ ಎಂಟು ಬಗೆ ಹೆಸರು ಹೇಳಿದರು. ಒಂದೂ ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿ ಅಜ್ಜಿಯ ಹೆಬ್ಬೆಟ್ಟಿದೆ.

ದುಡ್ಡಿನ ಕಥೆ ಕೇಳಿ. ಕಾನೂನಿನಲ್ಲಿ 'ಸ್ಥಳೀಯ ಜೀವವೈವಿಧ್ಯ ನಿಧಿ' ಅಂತ ಇದೆ. ನಮ್ಮ ನಿಧಿಯ ಪಾಸ್‌ಬುಕ್ ನೋಡಿದೆ. ಖಾತೆ ತೆರೆಯಲು ಕಟ್ಟಿದ ಸಾವಿರ ರೂಪಾಯಿ, ಆಮೇಲೆ ಬರೀ ಎಸ್ಸೆಮ್ಮೆಸ್ ಚಾರ್ಜು. ಆ ಎಸ್ಸೆಮ್ಮೆಸ್ಸುಗಳಾದರೂ ಯಾರಿಗೆ ಹೋಗುತ್ತಿವೆಯೋ, ನಾನಂತೂ ನೋಡಿಲ್ಲ. ದೇಶದಲ್ಲಿ ದುಡ್ಡಿಲ್ಲ ಅಂತಲ್ಲ. ಕಾಡು ಕಡಿಯುವವರು ಬದಲಿ ಕಾಡಿಗಾಗಿ ಕಟ್ಟಿದ ಹಣದಲ್ಲಿ 47 ಸಾವಿರ ಕೋಟಿಗೂ ಜಾಸ್ತಿಯನ್ನು ಕೇಂದ್ರ 2019ರಲ್ಲಿ ರಾಜ್ಯಗಳಿಗೆ ಹಂಚಿತು. ಕಡಿದರೆ ಕೋಟಿ ಲೆಕ್ಕ. ಉಳಿಸಿಕೊಂಡು ಕೂತರೆ ಎಸ್ಸೆಮ್ಮೆಸ್ ಚಾರ್ಜು.

"ಕೆರೆಗೆ ನೀರು ಬರೋ ಕಾಲುವೆಯ ಜಾಲಿ ತೆಗೆಸೋಣ, ಊರವರೇ ಕೈ ಹಾಕ್ತೀವಿ, ಜೆಸಿಬಿ ಬಾಡಿಗೆ ಮಾತ್ರ ಕೊಡಿ" ಅಂದೆ. ಪಿಡಿಒ ಮುಖ ಸಣ್ಣದು ಮಾಡಿದರು. "ಅದಕ್ಕೆ ಹೆಡ್ ಇಲ್ಲ ಸರ್. ತರಬೇತಿಗೆ ಇದೆ. ಬ್ಯಾನರ್‌ಗೆ ಇದೆ."

ಹೋಗಲಿ, ಆ ಬಂಗುಡೆಯನ್ನಾದರೂ ತೆಗೆಸಿ ಅಂದೆ.

"ಸುಮ್ನೆ ತೆಗೆಯೋಕಾಗಲ್ಲ. ದಾಖಲಾತಿ ಮೇಲಕ್ಕೆ ಹೋಗಿ ಅಪ್‌ಲೋಡ್ ಆಗಿದೆ. ತೆಗೆದರೆ, ಇದ್ದ ಮೀನು ಎಲ್ಲಿ ಹೋಯ್ತು ಅಂತ ಆಡಿಟ್‌ನವರು ಕೇಳ್ತಾರೆ." ಸ್ವಲ್ಪ ಹೊತ್ತು ಪೆನ್ನು ಕಚ್ಚಿದರು. ಮುಖ ಅರಳಿತು. "ಒಂದು ಕೆಲಸ ಮಾಡೋಣ ಸರ್. ಇತ್ತೀಚೆಗೆ ಅಳಿದುಹೋಗಿದೆ ಅಂತ ಠರಾವು ಮಾಡೋಣ. ಆಗ ಪುನರುಜ್ಜೀವನಕ್ಕೆ ಪ್ರಸ್ತಾವನೆ ಕಳಿಸಬಹುದು. ಅದಕ್ಕೆ ಅನುದಾನ ಬಂದರೂ ಬರಬಹುದು. ಬಂದರೆ ಅದರಲ್ಲೇ ನಿಮ್ಮ ಜೆಸಿಬಿನೂ ತೋರಿಸಿಬಿಡೋಣ."

ನಡಾವಳಿ ಪುಸ್ತಕ ತಿರುಗಿಸಿ ನನ್ನ ಮುಂದೆ ಇಟ್ಟರು. ನನ್ನ ಹತ್ತನೇ ಸಭೆ. ಸಹಿ ಹಾಕಿ, ಅಜ್ಜಿಯ ಹೆಬ್ಬೆಟ್ಟಿಗೆ ಇಂಕು ಪ್ಯಾಡು ತೆಗೆದುಕೊಂಡು ಕೆರೆಯ ಕಡೆಗೆ ಹೊರಟೆ.