ಸೀಲರ್ ಹಚ್ಚಿದರೂ ಮಾರ್ಬಲ್‌ಗೆ ಹುಳಿ ಆಗದು

ಸೀಲರ್ (ಕಲ್ಲಿನ ಸಣ್ಣ ರಂಧ್ರಗಳನ್ನು ಮುಚ್ಚುವ ದ್ರವ) ಹಚ್ಚಿದರೆ ಕಿಚನ್ ಐಲ್ಯಾಂಡ್‌ಗೆ, ಅಂದರೆ ಅಡುಗೆಮನೆಯ ನಡುವಿನ ಕಟ್ಟೆಗೆ, ಮಾರ್ಬಲ್ ಧಾರಾಳವಾಗಿ ಹಾಕಿಸಬಹುದು ಎಂದು ಒಂದು ಲೇಖನದಲ್ಲಿ ಓದಿದೆ. ಇದು ಪೂರ್ತಿ ಸರಿಯಲ್ಲ. ಸೀಲರ್ ತಡೆಯುವುದು ಎಣ್ಣೆ, ಬಣ್ಣ ಒಳಗಿಳಿಯುವುದನ್ನು ಮಾತ್ರ. ನಿಂಬೆರಸ, ವಿನೆಗರ್ ಬಿದ್ದರೆ ಮಾರ್ಬಲ್‌ನ ಮುಖ್ಯ ಖನಿಜವಾದ ಕ್ಯಾಲ್ಸೈಟೇ ಕರಗಿ ಪಾಲಿಶ್ ಹೋಗುತ್ತದೆ. ಆ ಮಂಕು ಗುರುತು ಎಷ್ಟು ಒರೆಸಿದರೂ ಹೋಗುವುದಲ್ಲ, ಮತ್ತೆ ಪಾಲಿಶ್ ಮಾಡಿಸಲೇಬೇಕು.

ಕಾರ್ಖಾನೆಯಲ್ಲಿ ಮಾಡುವ ಕ್ವಾರ್ಟ್ಜ್ ಕಲ್ಲಿಗೆ ಈ ಕಾಟವಿಲ್ಲ, ಆದರೆ ಅದರ ಪುಡಿಯನ್ನು ಹಿಡಿದಿಡುವ ರೆಸಿನ್ ಎಂಬ ಅಂಟು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕೆಡಬಹುದು. ಒಲೆಯೂ ಐಲ್ಯಾಂಡ್ ಮೇಲೇ ಇದ್ದರೆ ನನ್ನ ಮತ ಗ್ರಾನೈಟ್‌ಗೆ. ಕೊಳ್ಳುವ ಮೊದಲು ತುಂಡಿನ ಮೇಲೆ ನಾಲ್ಕು ಹನಿ ನೀರು ಹಾಕಿ 10 ನಿಮಿಷ ಬಿಡಿ. ಆ ಜಾಗ ಕಪ್ಪಾದರೆ ಸೀಲರ್ ಬೇಕೇ ಬೇಕು. 20 ಮಿ.ಮೀ. ಕಲ್ಲು 15 ಸೆಂ.ಮೀ.ಗಿಂತ ಹೆಚ್ಚು ಹೊರಚಾಚಿದರೆ ಕೆಳಗೆ ಸ್ಟೀಲ್ ಬ್ರಾಕೆಟ್ ಕೊಡಿಸಿ. ಸಿಂಕ್ ಕಟಿಂಗ್‌ನ ಒಳಮೂಲೆಗಳನ್ನು ದುಂಡಗೆ ಕೊರೆಸಿ, ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು.