ಬೈಗುಳಕ್ಕೂ ಒಬ್ಬ ಅನುವಾದಕ

ಚುನಾವಣಾ ಪ್ರಚಾರದಲ್ಲಿ ಸಭ್ಯತೆ ಕಾಪಾಡುವ ಬಗ್ಗೆ ಮೊನ್ನೆ ನಮ್ಮೂರಿನಲ್ಲಿ ನಡೆದ ಸರ್ವಪಕ್ಷ ಸಭೆ ಹೇಗೆ ಮುಗಿಯಿತೆಂಬುದನ್ನು ನೀವು ಈಗಾಗಲೇ ಮೊಬೈಲಿನಲ್ಲಿ ನೋಡಿರುತ್ತೀರಿ. ಒಬ್ಬರು ಇನ್ನೊಬ್ಬರ ತಂದೆಯ ಕುಡಿತದ ಬಗ್ಗೆ, ಆ ಇನ್ನೊಬ್ಬರು ಇವರ ತಲೆಗೂದಲಿನ ಬಣ್ಣದ ಬಗ್ಗೆ ಸವಿಸ್ತಾರವಾಗಿ ಮಾತನಾಡಿದ ಮೇಲೆ, ವೈಯಕ್ತಿಕ ನಿಂದನೆ ಕೂಡದೆಂಬ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಆ ಹೊತ್ತಿಗೆ ಉಳಿದಿದ್ದವರು ಅಧ್ಯಕ್ಷರು ಮತ್ತು ಮೈಕಿನವನು ಮಾತ್ರ.

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿಯೆಂದು ಹೊಗಳುವವರಿಗೆ ಅದರ ನಿಜವಾದ ಉಪಯೋಗ ಗೊತ್ತಿಲ್ಲ. ತೆಂಕಣದಿಂದ ಬಂದ ನಾಯಕರು ಮಲಯಾಳದಲ್ಲಿ ಎದುರಾಳಿಯ ಮೂರು ತಲೆಮಾರನ್ನು ಜಾಲಾಡುತ್ತಾರೆ. ಪಕ್ಕದಲ್ಲಿ ನಿಂತ ನಿವೃತ್ತ ಮಾಷ್ಟ್ರು ಅದನ್ನು ಕನ್ನಡಕ್ಕೆ ತಂದು, "ಎದುರು ಪಕ್ಷದವರ ಧೋರಣೆ ಇವರಿಗೆ ಸಮ್ಮತವಲ್ಲ" ಎಂದು ಮುಗಿಸುತ್ತಾರೆ. ಕೆಳಗೆ ಕುಳಿತ ಕಾರ್ಯಕರ್ತ ಪಕ್ಕದವನಿಗೆ ಅದನ್ನೇ ತುಳುವಿನಲ್ಲಿ ವಿವರಿಸುವಾಗ, ಮಾಷ್ಟ್ರು ನುಂಗಿದ್ದೆಲ್ಲ ಬಡ್ಡಿಸಮೇತ ಹೊರಗೆ ಬರುತ್ತದೆ.

ಬೈಯುವ ವಿದ್ಯೆಯಲ್ಲಿ ನಾವು ಬಡವರೇನಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಕಂಡ ಮಣ್ಣು ಇದು. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ತಾಸುಗಟ್ಟಲೆ ತರಾಟೆಗೆ ತೆಗೆದುಕೊಳ್ಳುತ್ತಾನೆ. ರಾಮನೋ, ದೇವರೆಂಬ ರಿಯಾಯಿತಿ ಪಡೆಯದೆ, ಆ ಪ್ರಶ್ನೆಗೇ ಉತ್ತರಿಸಬೇಕು. ಮಾತು ದಾರಿ ತಪ್ಪಿ ವಾಲಿಯ ಪಾತ್ರಧಾರಿ ರಾಮನ ಪಾತ್ರಧಾರಿಯ ಮನೆ ವಿಚಾರಕ್ಕಿಳಿದರೆ, ಹಾಡುತ್ತಾ ಪ್ರಸಂಗ ನಡೆಸುವ ಭಾಗವತರು ಮುಲಾಜಿಲ್ಲದೆ ಮುಂದಿನ ಪದ ಎತ್ತಿಬಿಡುತ್ತಾರೆ. ಬೆಳಗಿನ ಜಾವ ಇಬ್ಬರೂ ಒಂದೇ ಜೀಪಿನಲ್ಲಿ ಮನೆಗೆ ಹೋಗುತ್ತಾರೆ. ನಮ್ಮ ಪ್ರಚಾರ ಸಭೆಗಳಲ್ಲಿ ಚೆಂಡೆಗೆ ಕೊರತೆಯಿಲ್ಲ, ಭಾಗವತರು ಮಾತ್ರ ಇಲ್ಲ.

ಭಾಗವತಿಕೆ ಮಾಡಬೇಕಾಗಿದ್ದ ಚುನಾವಣಾ ನೀತಿ ಸಂಹಿತೆಯ ತವರು ಕೇರಳವೇ, 1960ರ ವಿಧಾನಸಭಾ ಚುನಾವಣೆಯೇ ಅದರ ತೊಟ್ಟಿಲು. ಟೀಕೆಯು ಪಕ್ಷದ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಗಳಿಗೆ ಸೀಮಿತವಾಗಿರಬೇಕು, ಖಾಸಗಿ ಬದುಕನ್ನು ಮುಟ್ಟಬಾರದು ಎಂದು ಇಂದಿನ ಸಂಹಿತೆ ಹೇಳುತ್ತದೆ. ಇದನ್ನು ಪಾಲಿಸುವುದು ಕಷ್ಟವೆಂದು ನಾನು ಒಪ್ಪುತ್ತೇನೆ, ಏಕೆಂದರೆ ನೀತಿಯನ್ನು ಟೀಕಿಸಬೇಕಾದರೆ ಮೊದಲು ಅದನ್ನು ಓದಬೇಕು. ಎದುರಾಳಿಯ ತಂದೆಯ ಬಗ್ಗೆ ಮಾತನಾಡಲು ಅಂಥ ಪೂರ್ವಸಿದ್ಧತೆ ಬೇಕಾಗಿಲ್ಲ. ಅದಲ್ಲದೆ, 2016ರಲ್ಲಿ ನಮ್ಮ ಜಿಲ್ಲೆಯ ಮಂಜೇಶ್ವರ ಕ್ಷೇತ್ರದ ಫಲಿತಾಂಶ ನಿಂತದ್ದು ಬರೀ 89 ಮತಗಳ ಅಂತರದಲ್ಲಿ. ನಮ್ಮ ಕಡೆಯ ಸಾಧಾರಣ ಒಕ್ಕಲಿನ, ಅಂದರೆ ಗೃಹಪ್ರವೇಶದ, ಊಟದ ಮೊದಲ ಪಂಕ್ತಿಯಲ್ಲೇ ಅಷ್ಟು ಎಲೆ ಬೀಳುತ್ತದೆ. ಒಬ್ಬರ ಅಪ್ಪನನ್ನು ಬೈದರೆ ಎಷ್ಟು ಎಲೆ ಏಳುತ್ತವೆಂಬ ಲೆಕ್ಕವನ್ನಾದರೂ ಇವರು ಮಾಡಬಾರದೇ?

ನಗಿಸುವ ಉತ್ಸಾಹ ನನಗೂ ಇಲ್ಲಿಗೆ ಬತ್ತಿತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ಇದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿರೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಅದನ್ನು ಇನ್ನೂ ಕೊಟ್ಟಿಲ್ಲವೇಕೆಂದು 2022ರಲ್ಲಿ ಅದೇ ಕೋರ್ಟು ಮತ್ತೆ ಗದರಬೇಕಾಯಿತು. ಉಪ್ಪಳದಲ್ಲಿ ಎದೆನೋವು ಬಂದವನನ್ನು ಇವತ್ತಿಗೂ ತಲಪಾಡಿಯ ಗಡಿ ದಾಟಿಸಿ ಮಂಗಳೂರಿಗೆ ಒಯ್ಯುತ್ತಾರೆ. ಇದಕ್ಕಾಗಿ ಜಗಳವಾಡಿ ಸ್ವಾಮಿ, ಗಂಟಲು ಹರಿಯುವಷ್ಟು ಆಡಿ, ನಾವು ರಾತ್ರಿಯಿಡೀ ಕುಳಿತು ಕೇಳುತ್ತೇವೆ. ಸತ್ತು ಇಪ್ಪತ್ತು ವರ್ಷವಾದ ಮುದುಕ ಕುಡಿಯುತ್ತಿದ್ದನೋ ಇಲ್ಲವೋ ಎಂಬುದು ನಮಗೆ ಯಾಕೆ?

ಸಭ್ಯತಾ ಸಭೆ ಬರುವ ಭಾನುವಾರ ಮುಂದುವರಿಯಲಿದೆಯಂತೆ. ಮಾಷ್ಟ್ರು ಹುಷಾರಿಲ್ಲವೆಂದು ಹೇಳಿ ಕಳುಹಿಸಿದ್ದಾರೆ.