ಶಾಲೆ ಜಗಲಿಯ ಹಲ್ಲು ಕ್ಯಾಂಪು: ಬೇಕೇ, ಬೇಡವೇ?

ಡೆಂಟಲ್ ಕಾಲೇಜಿನ ವಿದ್ಯಾರ್ಥಿಗಳು ಹಳ್ಳಿ ಶಾಲೆಗೆ ಬಂದು ಮಕ್ಕಳ ಹಲ್ಲಿಗೆ ಚಿಕಿತ್ಸೆ ಕೊಡುವುದು ಸರಿಯೇ?

ಪರ

ಮಗುವಿಗೆ ಆರು ತುಂಬುವ ಹೊತ್ತಿಗೆ ಹಾಲುಹಲ್ಲಿನ ಸಾಲಿನ ಹಿಂದೆ ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬಿದ್ದು ಬಂದದ್ದಲ್ಲ, ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಅದು ಹುಳುಕಾದರೆ 'ಹಾಲುಹಲ್ಲು ತಾನೇ, ಬಿದ್ದು ಬೇರೆ ಬರುತ್ತೆ ಬಿಡಿ' ಅನ್ನುತ್ತಾರೆ. ಬರುವುದಿಲ್ಲ. ಅದು ಮುದುಕರಾಗುವವರೆಗೂ ಇರಬೇಕಾದ ಹಲ್ಲು.

ಇದನ್ನು ಅವರಿಗೆ ಹೇಳುವವರು ಯಾರು? ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ. ಓದಿ ಬಂದವರ ಬೋರ್ಡು ಮಾತ್ರ ಜಾಸ್ತಿ ಕಾಣುವುದು ಪೇಟೆಯಲ್ಲೇ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಇನ್ನೂ ನೋಯದ ಹಲ್ಲು ತೋರಿಸಲು ಯಾರು ಹೋಗುತ್ತಾರೆ?

ನಾನು ನೋಡಿದ ಒಂದು ಕ್ಯಾಂಪು: ಶಾಲೆ ಜಗಲಿ, ಪ್ಲಾಸ್ಟಿಕ್ ಕುರ್ಚಿ, ತಲೆಗೆ ಕಟ್ಟಿಕೊಂಡ ಟಾರ್ಚು. ಎರಡನೇ ಕ್ಲಾಸಿನ ಹುಡುಗಿ ಬಾಯಿ ಬಿಗಿದು ಕೂತಿದ್ದಳು. ತರಬೇತಿಯಲ್ಲಿದ್ದ ಹೌಸ್ ಸರ್ಜನ್ ವಿದ್ಯಾರ್ಥಿನಿ ಪುಟ್ಟ ಕನ್ನಡಿಯನ್ನು ಅವಳ ಕೈಗೇ ಕೊಟ್ಟು, 'ಮೊದಲು ನನ್ನ ಹಲ್ಲು ನೀನು ನೋಡು ಪುಟ್ಟಿ, ಆಮೇಲೆ ನಿಂದು ನಾನು ನೋಡ್ತೀನಿ' ಅಂದಳು. ನೋಡಿದ್ದಾಯಿತು. ಬೇರೆ ಕನ್ನಡಿ ತೆಗೆದುಕೊಳ್ಳುವಷ್ಟರಲ್ಲಿ ಬಾಯಿ ತೆರೆದಿತ್ತು. ಕೊರೆಯುವ ಮಿಷನ್ ಇಲ್ಲ, ಸೂಜಿ ಇಲ್ಲ. ಚಮಚದ ತುದಿಯಂಥ ಸಣ್ಣ ಉಪಕರಣದಿಂದ ಮೆತ್ತಗಾದ ಹುಳುಕನ್ನು ಕೆರೆದು ತೆಗೆದು, ಸಿಮೆಂಟು ಕಲಸಿ ತುಂಬಿ, ಬೆರಳಿನಿಂದ ಒತ್ತಿ ಹಿಡಿದಳು. ಎಆರ್‌ಟಿ (ಅಟ್ರಾಮ್ಯಾಟಿಕ್ ರೆಸ್ಟೋರೇಟಿವ್ ಟ್ರೀಟ್‌ಮೆಂಟ್) ಅನ್ನುತ್ತಾರೆ ಇದಕ್ಕೆ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಶುರುವಾದ ವಿಧಾನ, ಕರೆಂಟೇ ಬೇಡ. ಆ ಗ್ಲಾಸ್ ಅಯಾನೊಮರ್ ಸಿಮೆಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಡೆಂಟಲ್ ಕಾಲೇಜಿನ ಒಬ್ಬ ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ವಿದ್ಯಾರ್ಥಿಯ ಕೈ ಮೀರಿದ ಕೆಲಸವೇನಲ್ಲ.

'ಕಲಿಯೋರ ಕೈಗೆ ನಮ್ಮ ಮಕ್ಕಳ ಬಾಯಾ?' ಅಂತ ಕೇಳುವವರಿದ್ದಾರೆ. ಕಾಲೇಜಿನ ಆಸ್ಪತ್ರೆಗೇ ಹೋದರೂ ಎಷ್ಟೋ ಸಲ ನಿಮ್ಮ ಹಲ್ಲು ಮುಟ್ಟುವುದು ಇದೇ ಹುಡುಗ ಹುಡುಗಿಯರು, ಅಲ್ವಾ?

ವಿರೋಧ

ಮೊದಲು 'ಸೇವೆ' ಅನ್ನುವ ಮಾತು ಪಕ್ಕಕ್ಕಿಡೋಣ. ಕ್ಯಾಂಪು ಇಂಟರ್ನ್‌ಶಿಪ್ಪಿನ ಭಾಗ. ತಪ್ಪೇನಲ್ಲ. ಆದರೆ ಯಾರಿಂದ ಯಾರಿಗೆ ಉಪಕಾರ ಅನ್ನುವುದು ಗೊತ್ತಿರಲಿ.

ಹತ್ತು ಗಂಟೆಗೆ ವ್ಯಾನು ಬರುತ್ತದೆ. ಬಿಸಿಯೂಟದ ಹೊತ್ತಿಗೆ ಇನ್ನೂರು ಮಕ್ಕಳು ಮುಗಿಯಬೇಕು. ಐದು ಕುರ್ಚಿ ಹಾಕಿದರೂ ಒಂದು ಮಗುವಿಗೆ ಐದು ನಿಮಿಷ ಸಿಗುವುದಿಲ್ಲ. ಹಾಗಾಗಿ ಹೆಚ್ಚಿನವರ ಕೈಗೆ ಬರುವುದು ಚೀಟಿ: ಕಾಲೇಜಿಗೆ ಬಂದು ತೋರಿಸಿ. ಯಾವ ಬಸ್ಸಿನ ಖರ್ಚಿಗೆ ಹೆದರಿ ಅಪ್ಪ ಅಮ್ಮ ಸುಮ್ಮನಿದ್ದರೋ, ಅದೇ ಬಸ್ಸು ಹತ್ತಿ ಅನ್ನುತ್ತದೆ ಚೀಟಿ.

ತುಂಬಿದ ಸಿಮೆಂಟು ಮುಂದಿನ ತಿಂಗಳು ಉದುರಿದರೆ? ಹಲ್ಲು ಕಿತ್ತ ಜಾಗ ರಾತ್ರಿ ಊದಿಕೊಂಡರೆ? ವ್ಯಾನು ಅಷ್ಟೊತ್ತಿಗೆ ಬೇರೆ ತಾಲೂಕಿನಲ್ಲಿರುತ್ತದೆ. ಹಾಲುಹಲ್ಲನ್ನು ತೀರಾ ಬೇಗ ಕಿತ್ತರೆ ಅಕ್ಕಪಕ್ಕದ ಹಲ್ಲು ಆ ಸಂದಿಗೆ ವಾಲಿ, ಮುಂದೆ ಬರುವ ಹಲ್ಲಿಗೆ ಜಾಗ ಸಾಲದೆ ಹೋಗಬಹುದು. ಅದು ಕಾಣಿಸುವಷ್ಟರಲ್ಲಿ ಕಿತ್ತವರು ಓದು ಮುಗಿಸಿ ಎಲ್ಲಿದ್ದಾರೋ.

ಹುಳುಕು ಹರಡದಂತೆ ಹಚ್ಚುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಒಳ್ಳೆಯ ಮದ್ದೇ. ಆದರೆ ಹಚ್ಚಿದ ಹುಳುಕು ಕಪ್ಪಗಾಗುತ್ತದೆ. ನಕ್ಕರೆ ಕಾಣುವ ಮುಂಭಾಗದ ಹಲ್ಲಿಗೆ ಹಚ್ಚುವ ಮೊದಲು ಅಮ್ಮನನ್ನು ಕೇಳಬೇಡವೇ? ಹೆಡ್‌ಮೇಷ್ಟ್ರ ಒಂದು ಸಹಿ ಸಾಕೇ?

ಪಾವಗಡ, ಬಾಗೇಪಲ್ಲಿ ಕಡೆಯದು ಇನ್ನೊಂದು ಕತೆ. ಅಲ್ಲಿ ಬೋರ್‌ವೆಲ್ ನೀರಿನಲ್ಲಿರುವ ಅತಿಯಾದ ಫ್ಲೋರೈಡಿನಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಲ್ಲಿಗೆ ಹೋಗಿ ಬ್ರಷ್ ಹಿಡಿಯುವ ಪಾಠ ಮಾಡಿದರೆ ಏನು ಹೇಳೋಣ? ಆ ಮಕ್ಕಳಿಗೆ ಬೇಕಿರುವುದು ಬೇರೆ ನೀರು.

ಉಳಿದ ಕಡೆ ಫಿಲಿಪ್ಪೀನ್ಸ್ ಶಾಲೆಗಳ ದಾರಿ ಹಿಡಿಯಬಹುದು. ಅಲ್ಲಿ ಟೀಚರ ಮುಂದೆ ಮಕ್ಕಳು ದಿನಾ ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜುವ ಕಾರ್ಯಕ್ರಮವನ್ನು ಶಿಕ್ಷಣ ಇಲಾಖೆಯೇ ನಡೆಸಿದೆ. ನೀರು, ಬ್ರಷ್ಷು, ಒಬ್ಬ ಟೀಚರ್ ಇದ್ದರೆ ಆಯಿತು. ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಳ್ಳಲು ಏನೂ ಇರುವುದಿಲ್ಲ, ಅಷ್ಟೇ.

ಜಗಲಿಯ ಆ ಹುಡುಗಿಗೂ ಒಂದು ಚೀಟಿ ಕೊಟ್ಟಿದ್ದರು: ಆರು ತಿಂಗಳ ನಂತರ ಮತ್ತೆ ತೋರಿಸಿ. ಅವಳು ಅದನ್ನು ಗಣಿತದ ನೋಟ್‌ಬುಕ್ಕಿನ ಬೈಂಡಿನೊಳಗೆ ಜೋಪಾನವಾಗಿ ಸಿಕ್ಕಿಸಿದ್ದಳು. ವ್ಯಾನು ಆ ಊರಿಗೆ ಮತ್ತೆ ಬಂದಾಗ ಅವಳು ನಾಲ್ಕನೇ ಕ್ಲಾಸು.